ವಿಮಾನ ಬಿದ್ದ ಮೇಲೆ ಉಳಿದವನ್ನೂ ನಿಲ್ಲಿಸಬೇಕಾ? ಡಿಸಿ-6ರ ಹಳೇ ಕಡತ

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ಬಿತ್ತು. ವಿಮಾನದಲ್ಲಿದ್ದವರು, ನೆಲದ ಮೇಲಿದ್ದವರು ಸೇರಿ 260 ಮಂದಿ ಸತ್ತರು. ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಹೆಚ್ಚುವರಿ ತಪಾಸಣೆ ಮಾಡಿಸಿತು, ಆದರೆ 787ಗಳ ಹಾರಾಟ ನಿಲ್ಲಲಿಲ್ಲ. ಅದೇ ವರ್ಷ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್ ಕಂಪನಿಯ ಎಂಡಿ-11 ಸರಕು ವಿಮಾನ ಬಿತ್ತು. ಸತ್ತವರ ಸಂಖ್ಯೆ ಅಹಮದಾಬಾದಿನ ಹತ್ತನೇ ಒಂದು ಭಾಗವೂ ಇರಲಿಲ್ಲ. ಆದರೂ ನಾಲ್ಕೇ ದಿನದಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಎಲ್ಲ ಎಂಡಿ-11ಗಳನ್ನೂ ನೆಲಕ್ಕೆ ಕೂರಿಸಿತು. ಇನ್ನೊಂದು ವಾರದೊಳಗೆ ಅದರ ಹಿಂದಿನ ತಲೆಮಾರಿನ ಡಿಸಿ-10ಕ್ಕೂ ಅದೇ ಗತಿ ಬಂತು.

ಇದೆಂಥ ಲೆಕ್ಕ ಎಂದು ಜನ ಕೇಳಿದ್ದು ಸಹಜ. ಪ್ರಯಾಣಿಕರ ಜೀವಕ್ಕೆ ಬೆಲೆ ಇಲ್ಲ, ಬೋಯಿಂಗ್ ಒತ್ತಡ ಹಾಕಿದೆ, ಸರ್ಕಾರಕ್ಕೆ ನಷ್ಟದ ಭಯ ಎಂದೆಲ್ಲ ಮಾತು ಬಂತು. ಇಂಥ ಅನುಮಾನಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. 2018ರ ಅಕ್ಟೋಬರ್‌ನಲ್ಲಿ ಲಯನ್ ಏರ್‌ನ 737 ಮ್ಯಾಕ್ಸ್ ಬಿದ್ದಾಗ ಯಾರೂ ಆ ಮಾದರಿಯನ್ನು ನಿಲ್ಲಿಸಲಿಲ್ಲ. 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಇನ್ನೊಂದು ಬೀಳಬೇಕಾಯಿತು. ಆಗಲೂ ಮೊದಲು ಮುಂದೆ ಬಂದದ್ದು ಚೀನಾ, ಅಮೆರಿಕ ಅಲ್ಲ.

ಆದರೂ ಹಾರಾಟ ನಿಲ್ಲಿಸುವ ತೀರ್ಮಾನದ ಹಿಂದೆ ಒಂದು ತರ್ಕ ಇದೆ. ಅದು ಸಾವಿನ ಲೆಕ್ಕದ ಮೇಲೆ ನಿಂತಿಲ್ಲ. ಆ ತರ್ಕ ಹೇಗೆ ರೂಪುಗೊಂಡಿತು, ಎಲ್ಲಿ ಎಡವುತ್ತದೆ ಎಂದು ನೋಡಲು ಸುಮಾರು 80 ವರ್ಷ ಹಿಂದಿನ ಒಂದು ಪ್ರೊಪೆಲ್ಲರ್ ವಿಮಾನದ ಕಥೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗುವುದಿಲ್ಲ. ಅದು ಡಗ್ಲಸ್ ಕಂಪನಿಯ ಡಿಸಿ-6. ಮುಂದೆ ಬೋಯಿಂಗ್‌ನೊಳಗೆ ಸೇರಿಹೋದ ಅದೇ ಮನೆತನದ ಕುಡಿ ಎಂಡಿ-11.

ಯುದ್ಧ ಮುಗಿದ ಮೇಲಿನ ಹೊಸ ವಿಮಾನ

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ವಿಮಾನ ಕಂಪನಿಗಳಿಗೆ ದೊಡ್ಡ, ವೇಗದ, ಎತ್ತರದಲ್ಲಿ ಹಾರುವ ವಿಮಾನ ಬೇಕಿತ್ತು. ಲಾಕ್‌ಹೀಡ್ ಬಳಿ ಕಾನ್‌ಸ್ಟಲೇಶನ್ ಇತ್ತು. ಡಗ್ಲಸ್ ಅದಕ್ಕೆ ಉತ್ತರವಾಗಿ ತನ್ನ ಡಿಸಿ-4ನ್ನು ಉದ್ದ ಮಾಡಿ, ಒಳಗೆ ಗಾಳಿಯ ಒತ್ತಡ ಕಾಪಾಡುವ ಕ್ಯಾಬಿನ್ ಕೊಟ್ಟು, ಡಿಸಿ-6 ಮಾಡಿತು. 1946ರ ಫೆಬ್ರವರಿಯಲ್ಲಿ ಮೊದಲ ಹಾರಾಟ. 1947ರ ಏಪ್ರಿಲ್‌ನಲ್ಲಿ ಯುನೈಟೆಡ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಪ್ರಯಾಣಿಕರನ್ನು ಹತ್ತಿಸಿಕೊಂಡವು. ಅಧ್ಯಕ್ಷ ಟ್ರೂಮನ್ ಅವರ ಅಧಿಕೃತ ವಿಮಾನವೂ ಒಂದು ಡಿಸಿ-6ವೇ.

ಮೇಲೆ ಹೋದಷ್ಟೂ ಚಳಿ ಜಾಸ್ತಿ. ಇಂದಿನ ಬಹುಪಾಲು ಜೆಟ್‌ಗಳಲ್ಲಿ ಎಂಜಿನ್ನಿನಿಂದಲೇ ಬಿಸಿ ಗಾಳಿ ತೆಗೆದು ಕ್ಯಾಬಿನ್‌ಗೆ ಬಿಡುತ್ತಾರೆ. ಪಿಸ್ಟನ್ ಎಂಜಿನ್ನಿನಲ್ಲಿ ಆ ಅನುಕೂಲ ಇರಲಿಲ್ಲ. ಹಾಗಾಗಿ ಡಿಸಿ-6ರಲ್ಲಿ ಪೆಟ್ರೋಲ್ ಸುಡುವ ಹೀಟರ್ ಇಟ್ಟಿದ್ದರು. ವಿಮಾನದ ಹೊರಮೈಯಲ್ಲಿ ಬಾಯಿ ತೆರೆದ ಒಂದು ಗಾಳಿಗೂಡು, ಅದರಿಂದ ನುಗ್ಗುವ ಗಾಳಿ, ಒಳಗೆ ಉರಿಯುವ ಬೆಂಕಿ. ಆಗಿನ ಕಾಲಕ್ಕೆ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಇನ್ನೊಂದು ವ್ಯವಸ್ಥೆ ಇಂಧನದ್ದು. ರೆಕ್ಕೆಗಳಲ್ಲಿ ಹಲವು ಟ್ಯಾಂಕ್‌ಗಳು. ಹಾರಾಟದ ಮಧ್ಯೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪೆಟ್ರೋಲ್ ಸಾಗಿಸಲು ಪೈಲಟ್‌ಗಳಿಗೆ ಅವಕಾಶ ಇತ್ತು. ತುಂಬಿದ ಟ್ಯಾಂಕಿಗೆ ಮತ್ತೆ ಪಂಪ್ ಮಾಡಿದರೆ ಹೆಚ್ಚಾದದ್ದು ಒಂದು ಕೊಳವೆಯಿಂದ ಹೊರಗೆ ಹೋಗುತ್ತದೆ, ಮನೆ ಮೇಲಿನ ನೀರಿನ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಹಾಗೆ. ಟ್ಯಾಂಕ್ ಒಡೆಯದಿರಲಿ ಎಂಬುದೇ ಅದರ ಉದ್ದೇಶ.

ಹೀಟರ್ ಮಾಡಿದವರ ಲೆಕ್ಕ ಸರಿ ಇತ್ತು. ಇಂಧನದ ಕೊಳವೆ ಹಾಕಿದವರ ಲೆಕ್ಕವೂ ಸರಿ ಇತ್ತು. ಮೂರನೇ ಎಂಜಿನ್ನಿನ ಹೆಚ್ಚುವರಿ ಟ್ಯಾಂಕಿನ ಆ ಕೊಳವೆ ಹೊರಗೆ ಚೆಲ್ಲಿದ್ದನ್ನು ಎದುರುಗಾಳಿ ನೇರ ಹೀಟರಿನ ಬಾಯಿಗೆ ಒಯ್ಯುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಬ್ರೈಸ್ ಕ್ಯಾನಿಯನ್, 1947

1947ರ ಅಕ್ಟೋಬರ್ 24ರಂದು ಯುನೈಟೆಡ್‌ನ ಫ್ಲೈಟ್ 608 ಲಾಸ್ ಏಂಜಲೀಸ್‌ನಿಂದ ಶಿಕಾಗೋ ಕಡೆ ಹೊರಟಿತ್ತು. ಯೂಟಾ ರಾಜ್ಯದ ಮೇಲೆ ಹಾರುವಾಗ, ಸಾಮಾನು ಇಡುವ ಜಾಗದಲ್ಲಿ ಬೆಂಕಿ ಬಿದ್ದಿದೆ, ಆರಿಸಲು ಆಗುತ್ತಿಲ್ಲ, ಕ್ಯಾಬಿನ್ ತುಂಬ ಹೊಗೆ ಎಂದು ಪೈಲಟ್ ರೇಡಿಯೋದಲ್ಲಿ ತಿಳಿಸಿದರು. ಹತ್ತಿರದ ಬ್ರೈಸ್ ಕ್ಯಾನಿಯನ್ ಏರ್‌ಸ್ಟ್ರಿಪ್‌ನತ್ತ ತಿರುಗಿದರು. ಇನ್ನೇನು ತಲುಪಬೇಕು ಎನ್ನುವಷ್ಟರಲ್ಲಿ, ರನ್‌ವೇಗೆ ಎರಡು ಮೈಲಿಯೂ ಇಲ್ಲದ ಜಾಗದಲ್ಲಿ ವಿಮಾನ ನೆಲಕ್ಕೆ ಬಿತ್ತು. ಒಳಗಿದ್ದ 52 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅವತ್ತು ಡಿಸಿ-6ಗಳನ್ನು ಯಾರೂ ನಿಲ್ಲಿಸಲಿಲ್ಲ. ಇದೇ ಮಾದರಿಯ ಮೊದಲ ಮಾರಣಾಂತಿಕ ಅಪಘಾತ ಅದು. ಸಾಕ್ಷಿಯ ಬಹುಭಾಗ ಸುಟ್ಟುಹೋಗಿತ್ತು. ಪ್ರಯಾಣಿಕರ ಸಾಮಾನಿನಲ್ಲಿ ಏನೋ ಹೊತ್ತಿಕೊಂಡಿತಾ, ವೈರಿಂಗ್ ಕೆಟ್ಟಿತ್ತಾ, ಹೀಟರ್ ಒಡೆಯಿತಾ? ಏನು ಬೇಕಾದರೂ ಆಗಿರಬಹುದಿತ್ತು.

ಹದಿನೆಂಟು ದಿನ ಕಳೆಯಿತು. ನವೆಂಬರ್ 11ರಂದು ಅಮೆರಿಕನ್ ಏರ್‌ಲೈನ್ಸ್‌ನ ಇನ್ನೊಂದು ಡಿಸಿ-6ಕ್ಕೆ ಆಕಾಶದಲ್ಲೇ ಬೆಂಕಿ ಹತ್ತಿತು. ಅದರ ಪೈಲಟ್‌ಗಳು ನ್ಯೂ ಮೆಕ್ಸಿಕೋದ ಗ್ಯಾಲಪ್‌ನಲ್ಲಿ ಇಳಿಸಿಬಿಟ್ಟರು. ಒಳಗಿದ್ದ ಎಲ್ಲರೂ ಬದುಕಿದರು. ತನಿಖೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇರಲಿಲ್ಲ. ಸುಟ್ಟ ಜಾಗ, ಸುಡದ ಜಾಗ, ಟ್ಯಾಂಕಿನ ಸ್ಥಿತಿ, ಜೊತೆಗೆ ತಾವು ಯಾವಾಗ ಯಾವ ಸ್ವಿಚ್ ಹಾಕಿದೆವು ಎಂದು ಹೇಳಲು ಜೀವಂತ ಸಿಬ್ಬಂದಿ, ಎಲ್ಲ ಕೈಗೆ ಸಿಕ್ಕಿತು.

ಆಗ ಸರಪಳಿ ಬಿಚ್ಚಿಕೊಂಡಿತು. ನಾಲ್ಕನೇ ಟ್ಯಾಂಕಿನಿಂದ ಮೂರನೇ ಟ್ಯಾಂಕಿಗೆ ಪೆಟ್ರೋಲ್ ಸಾಗಿಸುವಾಗ ಪಂಪ್ ಅಗತ್ಯಕ್ಕಿಂತ ಜಾಸ್ತಿ ಹೊತ್ತು ಓಡಿದೆ. ಟ್ಯಾಂಕ್ ತುಂಬಿ ಪೆಟ್ರೋಲ್ ಹೊರಗೆ ಚೆಲ್ಲಿದೆ. ಗಾಳಿ ಅದನ್ನು ಹೀಟರಿಗೆ ಗಾಳಿ ಒಯ್ಯುವ ಗೂಡಿನೊಳಗೆ ತಳ್ಳಿದೆ. ಅಲ್ಲಿ ಹೊತ್ತಿಕೊಂಡಿದೆ. ಬ್ರೈಸ್ ಕ್ಯಾನಿಯನ್ ಅಪಘಾತಕ್ಕೂ ಇದೇ ಕಾರಣ ಎಂದು ಅಮೆರಿಕದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ತೀರ್ಮಾನಿಸಿತು.

ತಪ್ಪು ಯಾರದು ಎಂಬ ಜಗಳ

ಪಂಪನ್ನು ಸಮಯಕ್ಕೆ ನಿಲ್ಲಿಸದೆ ಇದ್ದದ್ದು ಸಿಬ್ಬಂದಿ. ಹಾಗಾದರೆ ಇದು ಪೈಲಟ್ ತಪ್ಪು ಎನ್ನಬಹುದಲ್ಲವಾ? ಹಾಗೆ ಎನ್ನುವುದು ಎಲ್ಲರಿಗೂ ಅನುಕೂಲ. ವಿಮಾನ ಮಾಡಿದವರ ಹೆಸರು ಉಳಿಯುತ್ತದೆ, ಕಂಪನಿಯ ವಿಮಾನಗಳು ಹಾರುತ್ತವೆ, ಸತ್ತವರು ಜವಾಬು ಹೇಳುವುದಿಲ್ಲ.

ಎದುರು ವಾದ ಇಷ್ಟೇ. ಮನುಷ್ಯ ಒಂದಲ್ಲ ಒಂದು ದಿನ ಪಂಪ್ ನಿಲ್ಲಿಸಲು ಮರೆಯುತ್ತಾನೆ ಎಂದು ಗೊತ್ತಿದ್ದೇ ಆ ಕೊಳವೆ ಇಟ್ಟಿದ್ದು. ಮರೆತಾಗ ಸ್ವಲ್ಪ ಪೆಟ್ರೋಲ್ ಪೋಲಾಗಬೇಕಿತ್ತು, ಅಷ್ಟೇ. 52 ಜನ ಸಾಯುವಂತೆ ಆದದ್ದು ಕೊಳವೆ ಮತ್ತು ಹೀಟರ್ ಬಾಯಿ ಇದ್ದ ಜಾಗದಿಂದ. ಬೇರೆ ಬೇರೆ ಕಂಪನಿಯ ಇಬ್ಬರು ಪೈಲಟ್‌ಗಳ ವಿಮಾನದಲ್ಲಿ 18 ದಿನದೊಳಗೆ ಒಂದೇ ಥರದ ಬೆಂಕಿ ಬಿದ್ದಾಗ ಈ ಎರಡನೇ ವಾದಕ್ಕೇ ತೂಕ ಜಾಸ್ತಿ. ಪೈಲಟ್ ಬದಲಾದರೂ ಫಲಿತಾಂಶ ಬದಲಾಗದಿದ್ದರೆ ದೋಷ ಪೈಲಟ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಕಂಪನಿಗಳು ಸರ್ಕಾರದ ಆದೇಶಕ್ಕೆ ಕಾಯದೆ ತಾವೇ ಡಿಸಿ-6ಗಳನ್ನು ನಿಲ್ಲಿಸಿದವು. ಹೊಚ್ಚ ಹೊಸ, ದುಬಾರಿ ವಿಮಾನಗಳು ನಾಲ್ಕು ತಿಂಗಳು ಸುಮ್ನೆ ನಿಂತವು. ಬದಲಾವಣೆಗಳೆಲ್ಲ ಮುಗಿದು ಮತ್ತೆ ಹಾರಿದ್ದು 1948ರ ಮಾರ್ಚ್‌ನಲ್ಲಿ. ಇದಕ್ಕೂ ಮೊದಲು, 1946ರ ಜುಲೈನಲ್ಲಿ, ಕಾನ್‌ಸ್ಟಲೇಶನ್ ಮಾದರಿಯನ್ನು ಬೆಂಕಿಯ ಕಾರಣಕ್ಕೇ ಸರ್ಕಾರ ಸುಮಾರು ಆರು ವಾರ ನಿಲ್ಲಿಸಿತ್ತು. ಅದು ಕಂಪನಿಗಳ ನೆನಪಿನಲ್ಲಿ ಇದ್ದಿರಲೇಬೇಕು. ಆದೇಶ ಬರುವ ಮೊದಲೇ ನಿಲ್ಲಿಸಿದರೆ ಒಳ್ಳೆಯ ಹೆಸರಾದರೂ ಉಳಿಯುತ್ತದೆ.

ಬೆಂಕಿ ಆರಿಸುವ ಅನಿಲವೇ ಕೊಂದಾಗ

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಪಠ್ಯಪುಸ್ತಕದ ಪಾಠ. ಮುಗಿಯಲಿಲ್ಲ.

ಮತ್ತೆ ಹಾರಾಟ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ. 1948ರ ಜೂನ್ 17ರಂದು ಯುನೈಟೆಡ್‌ನ ಫ್ಲೈಟ್ 624 ಶಿಕಾಗೋದಿಂದ ನ್ಯೂಯಾರ್ಕ್‌ಗೆ ಹೋಗುತ್ತಿತ್ತು. ಪೆನ್ಸಿಲ್ವೇನಿಯಾದ ಮೇಲೆ ಬರುವಾಗ ಮುಂದಿನ ಸರಕು ಕೋಣೆಯಲ್ಲಿ ಬೆಂಕಿ ಎಂಬ ಎಚ್ಚರಿಕೆ ಸಿಕ್ಕಿತು. ಕಾಕ್‌ಪಿಟ್‌ನಲ್ಲಿದ್ದವರು ಎಂಟು ತಿಂಗಳ ಹಿಂದೆ ತಮ್ಮದೇ ಕಂಪನಿಯ ವಿಮಾನ ಹೇಗೆ ಸುಟ್ಟಿತೆಂದು ತಿಳಿದಿದ್ದವರು. ತಡಮಾಡಲಿಲ್ಲ. ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಳನ್ನು ಬಿಟ್ಟರು.

ಆ ಅನಿಲ ಬೆಂಕಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ಮನುಷ್ಯನಿಗೂ ಅದು ಒಳ್ಳೆಯದಲ್ಲ. ಉಸಿರಾಡುವ ಗಾಳಿಯಲ್ಲಿ ಅದರ ಪಾಲು ಶೇಕಡಾ 10ರ ಹತ್ತಿರ ಬಂದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಅದಕ್ಕೂ ಮೊದಲೇ ತಲೆ ಮಂಕಾಗುತ್ತದೆ, ಎದುರಿಗಿರುವ ಮೀಟರ್ ಕಂಡರೂ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ಆದ್ದರಿಂದಲೇ ಸಿಲಿಂಡರ್ ಬಿಡುವ ಮೊದಲು ಕ್ಯಾಬಿನ್ನಿನ ಒತ್ತಡ ಇಳಿಸುವ ವಾಲ್ವ್‌ಗಳನ್ನು ತೆರೆಯಬೇಕು ಎಂಬ ನಿಯಮ ಇತ್ತು. ತೆರೆದರೆ ಅನಿಲ ಹೊರಗೆ ಹೋಗುತ್ತದೆ. ತೆರೆದ ಗುರುತು ತನಿಖೆಯಲ್ಲಿ ಸಿಗಲಿಲ್ಲ. ಅನಿಲ ಸರಕು ಕೋಣೆಯಿಂದ ಕಾಕ್‌ಪಿಟ್‌ಗೆ ನುಸುಳಿತು. ವಿಮಾನ ವೇಗವಾಗಿ ಕೆಳಗೆ ಇಳಿಯುತ್ತ, ಮೌಂಟ್ ಕಾರ್ಮಲ್ ಎಂಬ ಊರಿನ ಹತ್ತಿರ ಹೈ ವೋಲ್ಟೇಜ್ ವಿದ್ಯುತ್ ವ್ಯವಸ್ಥೆಗೆ ಅಪ್ಪಳಿಸಿತು. 43 ಮಂದಿ ಸತ್ತರು. ಸಿಬ್ಬಂದಿ ಕಾರ್ಬನ್ ಡೈಆಕ್ಸೈಡ್‌ನಿಂದ ಅಶಕ್ತರಾದದ್ದೇ ಕಾರಣ ಎಂದು ಬೋರ್ಡ್ ಹೇಳಿತು. ಬೆಂಕಿಯ ಎಚ್ಚರಿಕೆ ಸುಳ್ಳಾಗಿತ್ತು.

ಇಲ್ಲೂ ಪೈಲಟ್‌ಗಳು ನಿಯಮ ಪಾಲಿಸಲಿಲ್ಲ ಎಂದು ಷರಾ ಬರೆದು ಕಡತ ಮುಚ್ಚಬಹುದು. ಆದರೆ ಬೆಂಕಿ ಎಂದು ದೀಪ ಹೊತ್ತಿದಾಗ, ಅದೂ ಬ್ರೈಸ್ ಕ್ಯಾನಿಯನ್ ಆದಮೇಲೆ, ಮೊದಲು ವಾಲ್ವ್ ತೆರೆದು ಆಮೇಲೆ ಸಿಲಿಂಡರ್ ಬಿಡಿ ಎಂಬ ಕ್ರಮ ಮನುಷ್ಯನ ಸ್ವಭಾವಕ್ಕೆ ಉಲ್ಟಾ. ಪ್ರಾಣ ಉಳಿಸುವ ಸಾಧನದ ಬಳಕೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಅದೇ ಪ್ರಾಣ ತೆಗೆಯುತ್ತದೆ ಎಂದಾದರೆ, ಆ ಸಾಧನವನ್ನೂ ಎಂಜಿನ್ನಿನಷ್ಟೇ ಗಟ್ಟಿಯಾಗಿ ಪರೀಕ್ಷೆ ಮಾಡಬೇಕಿತ್ತು.

ಅದೇ ಮಾದರಿ, ಅಷ್ಟೇ ಸಾವು, ಬೇರೆ ತೀರ್ಮಾನ

1955ರ ನವೆಂಬರ್ 1ರಂದು ಯುನೈಟೆಡ್‌ನದೇ ಇನ್ನೊಂದು ವಿಮಾನ, ಡಿಸಿ-6ಬಿ, ಕೊಲರಾಡೋದಲ್ಲಿ ಆಕಾಶದಲ್ಲೇ ಚೂರಾಯಿತು. 44 ಮಂದಿ ಸತ್ತರು. ಡಿಸಿ-6 ಹಾರಾಟ ನಿಲ್ಲಲಿಲ್ಲ. ಯಾಕೆಂದರೆ ಕಾರಣ ಬಾಂಬ್. ಜ್ಯಾಕ್ ಗಿಲ್ಬರ್ಟ್ ಗ್ರಹಾಂ ಎಂಬಾತ ತನ್ನ ತಾಯಿಯ ಸೂಟ್‌ಕೇಸ್‌ನಲ್ಲಿ ಡೈನಮೈಟ್ ಇಟ್ಟಿದ್ದ. ಗ್ಯಾಲಪ್‌ನಲ್ಲಿ ಒಬ್ಬರೂ ಸಾಯದಿದ್ದರೂ ಇಡೀ ಮಾದರಿ ನಿಂತಿತ್ತು. ಕೊಲರಾಡೋದಲ್ಲಿ 44 ಮಂದಿ ಸತ್ತರೂ ನಿಲ್ಲಲಿಲ್ಲ. ಎರಡೂ ಸರಿಯಾದ ತೀರ್ಮಾನಗಳೇ.

ಅಧಿಕಾರಿಗಳು ಕೇಳಿಕೊಳ್ಳುವುದು ಮುಖ್ಯವಾಗಿ ಒಂದೇ ಪ್ರಶ್ನೆ. ಇವತ್ತು ಈ ವಿಮಾನಕ್ಕೆ ಆದದ್ದು ನಾಳೆ ಬೆಳಿಗ್ಗೆ ಇದೇ ಮಾದರಿಯ ಇನ್ನೊಂದಕ್ಕೆ ಆಗಬಹುದಾ? ಏರ್ ಇಂಡಿಯಾದ ಕಾನ್‌ಸ್ಟಲೇಶನ್ ‘ಮಲಬಾರ್ ಪ್ರಿನ್ಸೆಸ್’ 1950ರ ನವೆಂಬರ್ 3ರಂದು ಮಾಂಟ್ ಬ್ಲಾಂಕ್ ಪರ್ವತಕ್ಕೆ ಡಿಕ್ಕಿ ಹೊಡೆದು 48 ಮಂದಿ ಸತ್ತಾಗಲೂ ಆ ಮಾದರಿಯನ್ನು ನಿಲ್ಲಿಸುವ ಮಾತು ಬರಲಿಲ್ಲ. ಬೆಟ್ಟಕ್ಕೆ ಬಡಿದದ್ದು ವಿಮಾನದ ರಚನೆಯ ದೋಷ ಅಲ್ಲ.

ಕಾರಣ ಗೊತ್ತಾಗದೆ ನಿಲ್ಲಿಸಿ, ಗೊತ್ತಾಗದೆಯೇ ಮತ್ತೆ ಹಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕಾಮೆಟ್ ಜೆಟ್ ಸಾಕ್ಷಿ. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಒಂದು ಸಮುದ್ರಕ್ಕೆ ಬಿತ್ತು. ಹಾರಾಟ ನಿಲ್ಲಿಸಿದರು. ಇರಬಹುದಾದ ಕಾರಣಗಳನ್ನೆಲ್ಲ ಊಹಿಸಿ ಹತ್ತಾರು ಬದಲಾವಣೆ ಮಾಡಿ ಮಾರ್ಚ್‌ನಲ್ಲಿ ಮತ್ತೆ ಬಿಟ್ಟರು. ಏಪ್ರಿಲ್ 8ರಂದು ನೇಪಲ್ಸ್ ಹತ್ತಿರ ಇನ್ನೊಂದು ಬಿತ್ತು. ನಿಜವಾದ ಕಾರಣ ಲೋಹದ ದಣಿವು, ಅಂದರೆ ಮತ್ತೆ ಮತ್ತೆ ಒತ್ತಡ ಬಿದ್ದು ಲೋಹ ಬಿರುಕು ಬಿಡುವುದು, ಎಂದು ತಿಳಿದದ್ದು ಅದಾದ ಮೇಲೆ.

ಬೆಂಗಳೂರು, 1990

ತದ್ವಿರುದ್ಧ ಉದಾಹರಣೆ ನಮ್ಮಲ್ಲೇ ಇದೆ. 1990ರ ಫೆಬ್ರವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ, ಗಾಲ್ಫ್ ಮೈದಾನದ ಬಳಿ ಬಿತ್ತು. 146 ಮಂದಿಯಲ್ಲಿ 92 ಮಂದಿ ಸತ್ತರು. ಎ320 ಆಗ ಹೊಸದು. ಕಂಪ್ಯೂಟರ್ ಮೂಲಕ ನಡೆಯುವ ವಿಮಾನ ಎಂಬ ಭಯ ಜನರಲ್ಲೂ ಇತ್ತು, ರಾಜಕಾರಣಿಗಳಲ್ಲೂ ಇತ್ತು. ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320ಗಳನ್ನೂ ತಿಂಗಳುಗಟ್ಟಲೆ ನಿಲ್ಲಿಸಿತು. ಬೇರೆ ದೇಶಗಳಲ್ಲಿ ಅದೇ ವಿಮಾನಗಳು ಹಾರುತ್ತಲೇ ಇದ್ದವು.

ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಓಡುತ್ತಿರುವುದನ್ನು ಪೈಲಟ್‌ಗಳು ಸಮಯಕ್ಕೆ ಗಮನಿಸಲಿಲ್ಲ ಎಂದು ತನಿಖೆ ಹೇಳಿತು. ಯಂತ್ರ ಹೇಳಿದ ಹಾಗೆ ಕೇಳಿತ್ತು, ಕೊಟ್ಟ ಆಜ್ಞೆ ತಪ್ಪಿತ್ತು. ಹಾಗಾದರೆ ಆ ತಿಂಗಳುಗಳು ದಂಡವಾ? ಪೂರ್ತಿ ಹಾಗೆನ್ನಲಾಗದು. ಹೊಸ ತಂತ್ರಜ್ಞಾನಕ್ಕೆ ತರಬೇತಿ ಸಾಲದು ಎಂಬ ಪ್ರಶ್ನೆ ಅದರಿಂದಲೇ ಗಟ್ಟಿಯಾಯಿತು. ಆದರೆ ನಿಲ್ಲಿಸಿದ ಕಾರಣ ಮತ್ತು ಬಿದ್ದ ಕಾರಣ ಒಂದೇ ಆಗಿರಲಿಲ್ಲ.

787 ಮತ್ತು ಎಂಡಿ-11

ಈಗ 2025ರ ಎರಡು ಅಪಘಾತಗಳನ್ನು ಇದೇ ಪ್ರಶ್ನೆಗೆ ಒಡ್ಡಿ ನೋಡಿ. ಲೂಯಿವಿಲ್‌ನಲ್ಲಿ ಎಡ ಎಂಜಿನ್, ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನ್ ಸಮೇತ ಕಳಚಿಬಿತ್ತು. ಪೈಲಾನಿನ ಹಿಂಭಾಗದ ಹಿಡಿಕೆಗಳಲ್ಲಿ ಲೋಹ ದಣಿದು ಮೂಡಿದ ಬಿರುಕು ಸಿಕ್ಕಿತು. ಅದೇ ಹಿಡಿಕೆ ಪ್ರತಿ ಎಂಡಿ-11ರಲ್ಲೂ ಇದೆ. ಬಹುತೇಕ ಎಲ್ಲವೂ ಮುದಿ ವಿಮಾನಗಳು. ನಾಳೆ ಬೆಳಿಗ್ಗೆ ಇನ್ನೊಂದಕ್ಕೆ ಆಗಬಹುದು ಎನ್ನಲು ಇಷ್ಟು ಸಾಕು.

ಅಹಮದಾಬಾದ್‌ನಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡ್ ಅಂತರದಲ್ಲಿ ‘ಕಟ್‌ಆಫ್’ ಸ್ಥಾನಕ್ಕೆ ಹೋದವು ಎಂದು ಜುಲೈನ ಪ್ರಾಥಮಿಕ ವರದಿ ಹೇಳಿತು. ಯಾಕೆ ಕಟ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಸದ್ಯಕ್ಕೆ 787 ಹಾರಿಸುವವರಿಗೆ ಅಥವಾ ತಯಾರಕರಿಗೆ ಯಾವ ಶಿಫಾರಸೂ ಇಲ್ಲ ಎಂದೂ ಅದೇ ವರದಿ ಬರೆಯಿತು. ಇದನ್ನು ಕೆಲವರು ಪೈಲಟ್ ಮೇಲಿನ ತೀರ್ಪು ಎಂದು ಓದಿದರು. ಪೈಲಟ್ ಸಂಘಗಳು ಸಿಟ್ಟಾದವು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಅವರ ಸಿಟ್ಟಿಗೆ ಅರ್ಥ ಇದೆ. ಪ್ರಾಥಮಿಕ ವರದಿ ಹೇಳುವುದು ಏನಾಯಿತು ಎಂದು. ಯಾಕಾಯಿತು ಎಂದಲ್ಲ. ಇಷ್ಟಾದರೂ 787 ನಿಲ್ಲಿಸದಿದ್ದದ್ದನ್ನು ತಪ್ಪು ಎನ್ನಲು ಸಾಕಷ್ಟು ಆಧಾರ ಕಾಣುವುದಿಲ್ಲ. 2011ರಿಂದ ಜಗತ್ತಿನಾದ್ಯಂತ ಹಾರುತ್ತಿರುವ ಈ ಮಾದರಿಯಲ್ಲಿ ಇಂಥ ಮಾರಣಾಂತಿಕ ಅಪಘಾತ ಅದೇ ಮೊದಲು. ಸ್ವಿಚ್‌ಗಳ ಲಾಕ್ ಪರೀಕ್ಷಿಸಲು ಡಿಜಿಸಿಎ ಆದೇಶಿಸಿತು, ದೋಷ ಸಿಗಲಿಲ್ಲ ಎಂದು ಏರ್ ಇಂಡಿಯಾ ತಿಳಿಸಿತು.

ಮುಂದಿನ ಜಗಳ ಎಲ್ಲಿ?

ಎರಡೂ ಪ್ರಕರಣಗಳಲ್ಲಿ ಒಂದು ಅಂಶ ಸಮಾನವಾಗಿದೆ, ಅದರ ಬಗ್ಗೆ ಚರ್ಚೆ ಮಾತ್ರ ಕಮ್ಮಿ. ಇಂಧನ ಸ್ವಿಚ್‌ನ ಲಾಕ್ ಬಗ್ಗೆ ಎಫ್‌ಎಎ 2018ರಲ್ಲೇ ಒಂದು ಸೂಚನೆ ಹೊರಡಿಸಿತ್ತು. ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಏರ್ ಇಂಡಿಯಾ ಆ ತಪಾಸಣೆ ಮಾಡಿರಲಿಲ್ಲ. ಎಂಡಿ-11ರ ಪೈಲಾನಿನ ಬೇರಿಂಗ್‌ಗಳು ಒಡೆದ ಪ್ರಕರಣಗಳ ಬಗ್ಗೆ ಬೋಯಿಂಗ್ 2011ರಲ್ಲೇ ಪತ್ರ ಬರೆದಿತ್ತು. ಇದರಿಂದ ಹಾರಾಟದ ಸುರಕ್ಷತೆಗೆ ಧಕ್ಕೆ ಇಲ್ಲ ಎಂಬ ಧಾಟಿಯ ಪತ್ರ ಅದು.

ಹೀಗಾಗಿ ಇಂಥ ಸಲಹೆಗಳನ್ನೆಲ್ಲ ಕಡ್ಡಾಯ ಮಾಡಿ ಎಂಬ ಒತ್ತಾಯ ಜೋರಾಗುವುದು ಖಂಡಿತ. ಕೇಳಲು ಸರಿಯಾಗಿಯೇ ಇದೆ. ಕಂಪನಿಗಳು ಖರ್ಚಿನ ಮಾತೆತ್ತುತ್ತವೆ, ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಬಿಚ್ಚಿ ಜೋಡಿಸುವ ಕೆಲಸ ಹೆಚ್ಚಿದಷ್ಟೂ ಆ ಕೆಲಸದಲ್ಲೇ ತಪ್ಪಾಗುವ ಅವಕಾಶ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಅದಕ್ಕೆ ಡಗ್ಲಸ್ ಮನೆತನದಲ್ಲೇ ಸಾಕ್ಷಿ ಇದೆ.

1979ರ ಮೇ 25ರಂದು ಶಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಟೇಕಾಫ್ ಆಗುವಾಗ ಎಡ ಎಂಜಿನ್ ಪೈಲಾನ್ ಸಮೇತ ಕಳಚಿತು. 273 ಮಂದಿ ಸತ್ತರು. ಆಗಲೂ ಇಡೀ ಮಾದರಿಯನ್ನು ಐದು ವಾರಕ್ಕೂ ಹೆಚ್ಚು ಕಾಲ ನಿಲ್ಲಿಸಿದರು. ತನಿಖೆ ಮಾಡಿದಾಗ ಸಿಕ್ಕಿದ್ದು ಸುಮಾರು ಎಂಟು ವಾರ ಹಿಂದಿನ ಒಂದು ರಿಪೇರಿ. ಎಂಜಿನ್ ಮೊದಲು ತೆಗೆದು ಆಮೇಲೆ ಪೈಲಾನ್ ತೆಗೆಯಿರಿ ಎಂದು ತಯಾರಕರು ಹೇಳಿದ್ದರು. ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿದ್ದರು. ಆಗ ಲೋಹ ಬಿರುಕು ಬಿಟ್ಟಿತು. ಅಷ್ಟಕ್ಕೂ ಆ ಪೈಲಾನ್ ತೆಗೆದದ್ದು ಯಾಕೆ ಎಂದರೆ, ಅದರ ಬೇರಿಂಗ್ ಬದಲಿಸಿ ಎಂದು ತಯಾರಕರೇ ಕಳಿಸಿದ್ದ ಸರ್ವಿಸ್ ಬುಲೆಟಿನ್ ಪಾಲಿಸಲು.